ಹಳೆಯ ಪಿಕಪ್ ವಾಹನವನ್ನು ಕೊಂಡ ಬಳಿಕ ಮಾಡತಕ್ಕ ಕೆಲಸಗಳು

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಹಲ್ಲು, ಸುಳಿ, ಗೊರಸುಗಳನ್ನು ನೋಡದೆ ಹಣವನ್ನು ಎಣಿಸುವುದಿಲ್ಲ. ಮನೆಗೆ ಹೊಡೆದುಕೊಂಡು ಬಂದ ಮೇಲೂ ಲಾಳ ಕಟ್ಟಿಸಿ, ಮೇವು ನೀರು ಕೊಟ್ಟು, ದಣಿವಾರಿದ ಮೇಲೆಯೇ ನೊಗಕ್ಕೆ ಹೂಡುವನು. ಆದರೆ ಅದೇ ರೈತನು ಲಕ್ಷಾಂತರ ರೂಪಾಯಿ ಕೊಟ್ಟು ಹಳೆಯ ಪಿಕಪ್ ವಾಹನವನ್ನು ತಂದಾಗ, ಮಾರನೆಯ ದಿನವೇ ಪೂರ್ಣ ಹೊರೆಯನ್ನು ಹೇರಿ ಪೇಟೆಗೆ ಕಳುಹಿಸುವುದುಂಟು. ಇದರಿಂದ ಹಣಕ್ಕೂ ಪ್ರಾಣಕ್ಕೂ ಹಾನಿಯಾಗುವ ಸಂಭವವಿದೆ.

ಮೈಸೂರು ನಗರದ ಬಂಡಿಪಾಳ್ಯದ ಮಾರುಕಟ್ಟೆಗೆ ನಂಜನಗೂಡು, ತಿರುಮಕೂಡಲು ನರಸೀಪುರ, ಹೆಗ್ಗಡದೇವನಕೋಟೆ ಮೊದಲಾದ ತಾಲ್ಲೂಕುಗಳಿಂದ ಬರುವ ಫಸಲನ್ನು ಸಾಗಿಸುವುದಕ್ಕೆ ಸಣ್ಣ ಸರಕು ವಾಹನಗಳು ಬಹು ಅನುಕೂಲವಾಗಿವೆ. ೨೦೦೫ನೆಯ ಇಸವಿಯಲ್ಲಿ ಟಾಟಾ ಏಸ್ ಬಂದ ತರುವಾಯ ಇವುಗಳ ಬಳಕೆಯು ಹಳ್ಳಿಗಳಲ್ಲಿ ಬಹಳವಾಗಿ ಹಬ್ಬಿತು. ಹಲವು ವರ್ಷ ದುಡಿದ ಇಂಥ ವಾಹನವನ್ನು ಕೊಳ್ಳುವವರು ಕ್ರಯದ ಹಣದ ಜೊತೆಗೆ ರಿಪೇರಿಗೆಂದು ಒಂದಿಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಂಡೇ ವ್ಯಾಪಾರಕ್ಕೆ ಇಳಿಯತಕ್ಕದ್ದು. ಆ ಹಣವು ಬಣ್ಣಕ್ಕೂ ಅಲಂಕಾರಕ್ಕೂ ಅಲ್ಲ. ಮೊದಲು ವಾಹನವನ್ನು ನಿಲ್ಲಿಸುವ ಭಾಗಗಳಿಗೆ, ಬಳಿಕ ಅದನ್ನು ತಂಪಾಗಿಡುವ ಭಾಗಗಳಿಗೆ, ಕಡೆಯಲ್ಲಿ ಉಳಿದುವುಗಳಿಗೆ ವೆಚ್ಚವಾಗತಕ್ಕದ್ದು.

೧. ದಾಖಲೆಗಳು.— ಇಂಜಿನ್ನಿನ ಮೇಲೂ ಚಾಸಿಯ ಮೇಲೂ ಕೊರೆದಿರುವ ನಂಬರುಗಳು ನೋಂದಣಿ ಪತ್ರದಲ್ಲಿರುವ ನಂಬರುಗಳಿಗೆ ಸರಿಹೊಂದುವುವೇ ಎಂದು ನೋಡಬೇಕು. ೨೯ ಮತ್ತು ೩೦ನೆಯ ನಮೂನೆಗಳ ಮೂಲಕ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಕೊಂಡವನಿಗೆ ಇದಕ್ಕೆ ೩೦ ದಿನಗಳ ಅವಧಿಯುಂಟು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ೧೪ ದಿನಗಳೊಳಗೆ ಅರ್ಜಿ ಕೊಡತಕ್ಕದ್ದು. ಹೆಸರು ವರ್ಗವಾಗದಿರುವಾಗ ಅಪಘಾತವಾದಲ್ಲಿ ಮಾರಿದವನೂ ಹೊಣೆಯಲ್ಲಿ ಸಿಕ್ಕಿಕೊಳ್ಳುವನಾದ್ದರಿಂದ ಉಭಯರಿಗೂ ಇದು ಅಗತ್ಯವು. ೮ ವರ್ಷ ತುಂಬಿದ ಸರಕು ವಾಹನಕ್ಕೆ ಅರ್ಹತಾ ಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದನ್ನು ಮರೆಯಕೂಡದು.

೨. ಬ್ರೇಕುಗಳು.— ಬ್ರೇಕ್ ಎಣ್ಣೆಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವುಂಟು. ಹೀಗೆ ನೀರು ಸೇರಿದ ಎಣ್ಣೆಯು, ಉದ್ದವಾದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದಾಗ, ಕಾವಿನಿಂದ ಕುದಿದು ಆವಿಯ ಗುಳ್ಳೆಗಳನ್ನು ಉಂಟುಮಾಡುವುದು. ಎಣ್ಣೆಯಂತೆ ಒತ್ತಡವನ್ನು ಮುಂದಕ್ಕೆ ಸಾಗಿಸುವ ಶಕ್ತಿ ಆವಿಗೆ ಇಲ್ಲ. ಆದಕಾರಣ ಪೆಡಲು ನೆಲ ಮುಟ್ಟಿದರೂ ವಾಹನವು ನಿಲ್ಲದು. ಹಳೆಯ ವಾಹನವನ್ನು ಕೊಂಡ ಕೂಡಲೇ ಈ ಎಣ್ಣೆಯನ್ನು ಪೂರ್ತಿಯಾಗಿ ಬದಲಾಯಿಸಿ, ಮುಂದೆಯೂ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಿರಬೇಕು. ಹಿಂದಿನ ಚಕ್ರಗಳ ಡ್ರಮ್ಮುಗಳನ್ನು ಬಿಚ್ಚಿಸಿ, ಲೈನಿಂಗು ಸವೆದಿದೆಯೇ, ಎಣ್ಣೆ ಸೋರುತ್ತಿದೆಯೇ ಎಂದು ಕಣ್ಣಾರೆ ನೋಡತಕ್ಕದ್ದು.

ಡೀಸೆಲನ್ನು ಉಳಿಸಬೇಕೆಂದು ಕೆಲವರು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಇಂಜಿನ್ನನ್ನು ನಿಲ್ಲಿಸುವರು. ಇಂಜಿನ್ನು ನಿಂತ ಬಳಿಕ ಬ್ರೇಕಿಗೆ ದೊರೆಯುತ್ತಿದ್ದ ಸಹಾಯಶಕ್ತಿಯು ಕೆಲವೇ ಒತ್ತುಗಳಲ್ಲಿ ಮುಗಿದುಹೋಗುವುದು. ಪವರ್ ಸ್ಟಿಯರಿಂಗ್ ಇದ್ದಲ್ಲಿ ಅದೂ ಬಿಗಿಯಾಗುವುದು. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯತಕ್ಕದ್ದು.

೩. ಇಂಜಿನ್ನನ್ನು ತಂಪಾಗಿಡುವುದು.— ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ, ಅಡಿಗೆಯ ಪಾತ್ರೆಯಲ್ಲಿ ಕಟ್ಟುವಂತೆಯೇ ಅದರ ಕೊಳವೆಗಳಲ್ಲಿಯೂ ಸುಣ್ಣವು ಕಟ್ಟುವುದು. ಹಳೆಯ ನೀರನ್ನು ತೆಗೆದು, ಒಳಗೆ ತೊಳೆಸಿ, ಸರಿಯಾದ ಕೂಲೆಂಟನ್ನು ತುಂಬಬೇಕು. ಬಿರುಕು ಬಿಟ್ಟ ರಬ್ಬರು ಕೊಳವೆಗಳನ್ನೂ ಫ್ಯಾನ್ ಬೆಲ್ಟನ್ನೂ ಬದಲಾಯಿಸಬೇಕು. ಇಂಜಿನ್ನು ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಕೂಡದು. ಕೆಲವು ಇಂಜಿನ್ನುಗಳಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟು ಇರುವುದು; ಅದು ಓಡುವಾಗ ತುಂಡಾದಲ್ಲಿ ವಾಲ್ವುಗಳು ಮುರಿದು ಇಂಜಿನ್ನೇ ಹಾಳಾಗಬಹುದು. ಹಿಂದೆ ಯಾವಾಗ ಬದಲಾಯಿಸಿದರೆಂಬುದಕ್ಕೆ ರಸೀತಿ ಇಲ್ಲದಿದ್ದರೆ ಹೊಸದನ್ನು ಹಾಕಿಸುವುದೇ ವಿವೇಕವು.

೪. ಎಣ್ಣೆ ಮತ್ತು ಫಿಲ್ಟರುಗಳು.— ಡೀಸೆಲ್ ಇಂಜಿನ್ನಿನ ಎಣ್ಣೆಯು ಬೇಗನೆ ಕಪ್ಪಾಗುವುದು ಸಹಜವು, ಅದಕ್ಕೆ ಭಯಪಡಬೇಕಾಗಿಲ್ಲ. ಆದರೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು ಗಾಡಿಯನ್ನು ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಬೇಕು. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಈ ಮೂರರ ಎಣ್ಣೆಗಳನ್ನೂ, ಎಣ್ಣೆಯ, ಡೀಸೆಲಿನ ಹಾಗೂ ಗಾಳಿಯ ಫಿಲ್ಟರುಗಳನ್ನೂ ಒಂದೇ ಸಾರಿ ಬದಲಾಯಿಸಿದರೆ ಮುಂದಿನ ಲೆಕ್ಕವು ಆ ದಿನದಿಂದ ಸರಿಯಾಗಿ ಆರಂಭವಾಗುವುದು. ಒಕ್ಕಣೆಯ ಕಾಲದಲ್ಲಿ ಧೂಳು ಹೆಚ್ಚಾದ್ದರಿಂದ ಗಾಳಿಯ ಫಿಲ್ಟರನ್ನು ಆಗಾಗ್ಗೆ ನೋಡುತ್ತಿರಬೇಕು.

೫. ಟಯರು ಮತ್ತು ಕಮಾನುಪಟ್ಟಿಗಳು.— ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಿಂದ ಅದರ ವಯಸ್ಸು ತಿಳಿಯುವುದು. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೀರುಗಳ ಆಳವು ೧.೬ ಮಿಲಿಮೀಟರಿಗೆ ಇಳಿದ ಟಯರನ್ನೂ, ಪಕ್ಕದಲ್ಲಿ ಸೀಳು ಬಿಟ್ಟ ಟಯರನ್ನೂ ತೆಗೆದುಹಾಕಬೇಕು. ಚಕ್ರಗಳನ್ನು ಕಳಚಿ ಹಾಕಿದ ಮೇಲೆ ಸುಮಾರು ೧೦೦ ಕಿಲೋಮೀಟರ್ ಓಡಿದ ಬಳಿಕ ನಟ್ಟುಗಳನ್ನು ಪುನಃ ಬಿಗಿಮಾಡತಕ್ಕದ್ದು.

ಹೆಚ್ಚು ಹೊರೆಗಾಗಿ ಕಮಾನುಪಟ್ಟಿಗಳನ್ನು ಸೇರಿಸುವ ಅಭ್ಯಾಸವುಂಟು. ಪಟ್ಟಿ ಹೆಚ್ಚಿದುದರಿಂದ ಗಾಡಿಯು ಹಿಂದಕ್ಕೆ ಕುಸಿಯದೆ ಕಾಣುವುದೇ ಹೊರತು ಬ್ರೇಕು, ಅಚ್ಚು, ಟಯರುಗಳ ಶಕ್ತಿಯು ಎಳ್ಳಷ್ಟೂ ಹೆಚ್ಚುವುದಿಲ್ಲ. ಮೊದಲಿನ ಮಾಲೀಕನು ಇಂಥ ಪಟ್ಟಿಗಳನ್ನು ಹಾಕಿಸಿದ್ದರೆ, ಗಾಡಿಯು ಮಿತಿಮೀರಿ ದುಡಿದಿದೆಯೆಂದು ತಿಳಿದು, ಪಟ್ಟಿಗಳನ್ನು ಹಿಡಿದಿರುವ ಕಡೆಗಳಲ್ಲಿ ಚಾಸಿಯು ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು.

೬. ತುಕ್ಕು.— ರಾಸಾಯನಿಕ ಗೊಬ್ಬರವೂ ಹಸಿ ಸಗಣಿಯೂ ಕಬ್ಬಿಣವನ್ನು ತಿನ್ನುವುವು. ಇವುಗಳನ್ನು ಸಾಗಿಸಿದ ದಿನವೇ ತೊಟ್ಟಿಯನ್ನೂ ಅದರ ಅಡಿಭಾಗವನ್ನೂ ತೊಳೆಸಿ ಒಣಗಿಸುವುದು ಒಳ್ಳೆಯದು.

ಈ ಕೆಲಸಗಳೆಲ್ಲ ಮುಗಿದ ಮೇಲೆ ಮೊದಲು ಬರಿಯ ಗಾಡಿಯನ್ನು, ಅನಂತರ ಅರ್ಧ ಹೊರೆಯೊಡನೆ ಓಡಿಸಿ ನೋಡತಕ್ಕದ್ದು. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನನ್ನು ಬದಲಾಯಿಸಲಾಯಿತೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದೆ ಮಾರುವಾಗಲೂ ಒಳ್ಳೆಯ ಬೆಲೆ ಬರುವುದು.

ಕೊನೆಯದಾಗಿ, ನಾಟಿಗೂ ಕೊಯ್ಲಿಗೂ ಕೂಲಿಯಾಳುಗಳನ್ನು ಸರಕಿನ ತೊಟ್ಟಿಯಲ್ಲಿ ನಿಲ್ಲಿಸಿ ಕರೆದೊಯ್ಯುವುದು ಕಾನೂನಿಗೆ ವಿರುದ್ಧವಾದುದು. ಒಂದು ಬ್ರೇಕು ತಪ್ಪಿದಲ್ಲಿ ಹಲವು ಮನೆಗಳ ಒಲೆಯು ಆರುವುದು. ಗ್ರಾಮದ ಮುಖಂಡರೂ ಭೂಮಾಲೀಕರೂ ತಾವು ಮೊದಲು ಇದನ್ನು ಬಿಟ್ಟು, ಇತರರಿಗೂ ತಿಳಿಯಹೇಳುವುದು ಅವರ ಕರ್ತವ್ಯವಾಗಿದೆ.