ಆನರ್ ಸೊಸೈಟಿಗೆ ಸೇರುವ ದಿನ: ಸಮಾರಂಭದ ತಯಾರಿ

ಅಮೆರಿಕದ ಬಹಳಷ್ಟು ಹೈಸ್ಕೂಲುಗಳಲ್ಲಿ ನ್ಯಾಷನಲ್ ಆನರ್ ಸೊಸೈಟಿಗೆ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಒಂದು ಸಮಾರಂಭ ನಡೆಯುತ್ತದೆ. ಮೇಲ್ನೋಟಕ್ಕೆ ಅದು ನಮ್ಮ ಊರುಗಳ ಪ್ರತಿಭಾ ಪುರಸ್ಕಾರದಂತೆಯೇ ಕಾಣುತ್ತದೆ. ಆದರೆ ಪುರಸ್ಕಾರ ಸಲ್ಲುವುದು ಆಗಿಹೋದ ಸಾಧನೆಗೆ. ಇಲ್ಲಿ ಮಕ್ಕಳು ಮುಂದೆ ಮಾಡಬೇಕಾದ ಕೆಲಸಕ್ಕೆ ಮಾತು ಕೊಡುತ್ತಾರೆ. ತಯಾರಿಯೆಲ್ಲ ಆ ಮಾತಿನ ಸುತ್ತಲೇ ನಡೆಯಬೇಕು.

ಹುಟ್ಟಿದ ಬಗೆ

ಇಂಥ ವಿದ್ಯಾರ್ಥಿ ಸಂಘಗಳ ಇತಿಹಾಸ ಹಳೆಯದು. 1776ರ ಡಿಸೆಂಬರ್‌ನಲ್ಲಿ ವರ್ಜೀನಿಯಾದ ವಿಲಿಯಮ್ ಅಂಡ್ ಮೇರಿ ಕಾಲೇಜಿನ ವಿದ್ಯಾರ್ಥಿಗಳು ಫೈ ಬೀಟಾ ಕಪ್ಪಾ ಎಂಬ ಸಂಘ ಕಟ್ಟಿದರು. ಹೈಸ್ಕೂಲಿನವರಿಗಾಗಿ ನ್ಯಾಷನಲ್ ಆನರ್ ಸೊಸೈಟಿ ಬಂದದ್ದು 1921ರಲ್ಲಿ. ಅದನ್ನು ಆರಂಭಿಸಿದ್ದು ಪ್ರೌಢಶಾಲಾ ಪ್ರಾಂಶುಪಾಲರ ರಾಷ್ಟ್ರೀಯ ಸಂಘ. ವಿದ್ಯೆ, ಸೇವೆ, ನಾಯಕತ್ವ, ನಡತೆ ಇದರ ನಾಲ್ಕು ಆಧಾರಗಳು. ಅರ್ಹತೆಗೆ 4.0ರ ಅಳತೆಯಲ್ಲಿ ಕನಿಷ್ಠ 3.0 ಸರಾಸರಿ ಬೇಕು. ಶಾಲೆ ಇದಕ್ಕಿಂತ ಹೆಚ್ಚು ಕೇಳಬಹುದು. ಅಂಕ ಬಂದ ಮಾತ್ರಕ್ಕೆ ಸದಸ್ಯತ್ವ ಸಿಗುವುದಿಲ್ಲ. ಪ್ರಾಂಶುಪಾಲರು ನೇಮಿಸಿದ ಐವರು ಶಿಕ್ಷಕರ ಸಮಿತಿ ಉಳಿದ ಮೂರು ಗುಣಗಳನ್ನೂ ನೋಡಿ ಆಯ್ಕೆ ಮಾಡುತ್ತದೆ.

ಮೊದಲು ಮಾಡಬೇಕಾದ್ದು

ದಿನಾಂಕ ಮತ್ತು ಸಭಾಂಗಣವನ್ನು ಎರಡು ತಿಂಗಳ ಮುಂಚೆಯೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಪರೀಕ್ಷೆ, ಪಂದ್ಯ, ಸಂಗೀತ ಕಛೇರಿಗಳ ದಿನ ತಪ್ಪಿಸಿ, ದುಡಿಯುವ ತಂದೆತಾಯಿ ಬರಲಾಗುವ ಸಂಜೆಯನ್ನು ಆರಿಸಬೇಕು. ಆಯ್ಕೆಪಟ್ಟಿ ಕೈಗೆ ಬರುತ್ತಲೇ ಪಿನ್ನು, ಪ್ರಮಾಣಪತ್ರಗಳಿಗೆ ಆರ್ಡರ್ ಕೊಡಬೇಕು. ಆಯ್ಕೆಯಾಗದವರಿಗೂ ಪತ್ರ ಮೊದಲೇ ತಲುಪಿರಬೇಕು. ತನ್ನ ಹೆಸರಿಲ್ಲ ಎಂಬುದು ಗೆಳೆಯರ ಬಾಯಿಂದ ತಿಳಿದರೆ ಮಗುವಿಗೆ ಆಗುವ ನೋವು ದೊಡ್ಡದು.

ವೇದಿಕೆಯ ಕ್ರಮ

ಸಾಮಾನ್ಯವಾಗಿ ಮೇಜಿನ ಮೇಲೆ ನಾಲ್ಕು ಮೇಣದಬತ್ತಿಗಳನ್ನೂ ನಡುವೆ ಎತ್ತರದ ಒಂದನ್ನೂ ಇಡುತ್ತಾರೆ. ಹಿರಿಯ ಸದಸ್ಯರು ಒಬ್ಬೊಬ್ಬರಾಗಿ ಬಂದು ಒಂದೊಂದು ಗುಣದ ಬಗ್ಗೆ ಮಾತಾಡಿ ನಡುವಿನ ಜ್ವಾಲೆಯಿಂದ ಬತ್ತಿ ಹೊತ್ತಿಸುತ್ತಾರೆ. ಬೆಂಕಿ ಹಚ್ಚಲು ಶಾಲೆಯ ನಿಯಮ ಬಿಡದಿದ್ದರೆ ಬ್ಯಾಟರಿಯ ಬತ್ತಿ ಸಾಕು. ಮಾತು ಮಾತ್ರ ಆ ವಿದ್ಯಾರ್ಥಿಯದೇ ಆಗಿರಲಿ. ಸೇವೆಯ ಬಗ್ಗೆ ಮಾತಾಡುವ ಹುಡುಗಿ, ಆಹಾರ ಹಂಚುವ ಕೇಂದ್ರದಲ್ಲಿ ಡಬ್ಬಿಗಳನ್ನು ಜೋಡಿಸಿದ್ದನ್ನು ಎರಡು ನಿಮಿಷ ಹೇಳಿದರೆ ಅತಿಥಿಯ ಉದ್ದ ಭಾಷಣಕ್ಕಿಂತ ಹೆಚ್ಚು ಮನಸ್ಸಿಗೆ ನಾಟುತ್ತದೆ.

ಆಮೇಲೆ ಹೆಸರು ಕರೆಯುವುದು. ಒಬ್ಬರಿಗೆ 15 ಸೆಕೆಂಡು ಹಿಡಿದರೂ 60 ಮಕ್ಕಳಿಗೆ 15 ನಿಮಿಷ ಬೇಕು. ಎಲ್ಲರೂ ವೇದಿಕೆಯ ಮೇಲೇ ಸದಸ್ಯರ ಪುಸ್ತಕಕ್ಕೆ ಸಹಿ ಹಾಕಬೇಕೆಂದರೆ ಸಭೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಆ ಪುಸ್ತಕವನ್ನು ಬಾಗಿಲ ಬಳಿ ಇಟ್ಟು ಮೊದಲೇ ಸಹಿ ಮಾಡಿಸಿದರೆ ಈ ತೊಡಕಿಲ್ಲ.

ಹೆಸರು ತಪ್ಪಬಾರದು. ಶ್ರೀಹರ್ಷ, ಅಕ್ಷೋಭ್ಯ, ಮೃಣಾಲಿನಿಯಂಥ ಹೆಸರುಗಳು ಇಂಗ್ಲಿಷ್ ಮಾತ್ರ ಬಲ್ಲವರ ನಾಲಿಗೆಗೆ ಸುಲಭವಲ್ಲ. ಕನ್ನಡದ ಮಕ್ಕಳಿಗಷ್ಟೇ ಅಲ್ಲ, ವಿಯೆಟ್ನಾಮ್, ನೈಜೀರಿಯಾ, ಪೋಲೆಂಡ್ ಮೂಲದ ಮಕ್ಕಳಿಗೂ ಇದೇ ಕಷ್ಟ. ಪ್ರತಿ ಮಗುವೂ ತನ್ನ ಹೆಸರನ್ನು ತಾನೇ ಉಚ್ಚರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ. ಓದುವವರು ತಾಲೀಮಿನ ದಿನ ಅದನ್ನು ಕೇಳಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಲಿ. ದೂರದಿಂದ ಬಂದ ಅಜ್ಜ ಅಜ್ಜಿಗೆ ಇಡೀ ಇಂಗ್ಲಿಷ್ ಕಾರ್ಯಕ್ರಮದಲ್ಲಿ ಚೆನ್ನಾಗಿ ಅರ್ಥವಾಗುವ ಪದ ಆ ಹೆಸರೊಂದೇ ಆಗಿರಬಹುದು.

ಪ್ರತಿಜ್ಞೆ ಮತ್ತು ಮುಂದಿನ ಕೆಲಸ

ಎಲ್ಲರೂ ಎದ್ದು ನಿಂತು ಒಟ್ಟಿಗೆ ಪ್ರತಿಜ್ಞೆ ಹೇಳುವುದು ಸಮಾರಂಭದ ಜೀವ. ಅದರ ಪ್ರತಿಯನ್ನು ಒಂದು ವಾರ ಮುಂಚೆಯೇ ಮಕ್ಕಳಿಗೆ ಕೊಟ್ಟು, ಏನಕ್ಕೆ ಒಪ್ಪುತ್ತಿದ್ದೇವೆಂದು ಅವರೊಡನೆ ಕೂತು ಮಾತಾಡಬೇಕು. ಸದಸ್ಯರು ಸೇವಾ ಕೆಲಸದಲ್ಲಿ ತೊಡಗಲೇಬೇಕು. ಮಟ್ಟ ಉಳಿಸಿಕೊಳ್ಳದಿದ್ದರೆ ಎಚ್ಚರಿಕೆಯ ನಂತರ ಸದಸ್ಯತ್ವ ಹೋಗಲೂಬಹುದು.

ಆದ್ದರಿಂದ ಸಭೆ ಮುಗಿಯುವ ಮುನ್ನವೇ ಮೊದಲ ಸೇವಾ ಕೆಲಸವನ್ನು ದಿನ, ಜಾಗ, ಹೊಣೆಗಾರರ ಹೆಸರಿನೊಂದಿಗೆ ಘೋಷಿಸಿ. ತಿಂಡಿಯ ಮೇಜಿನ ಪಕ್ಕದಲ್ಲೇ ಹೆಸರು ಬರೆಸುವ ಹಾಳೆ ಇಡಿ. ಪಿನ್ನು ತೊಟ್ಟ ಮಕ್ಕಳು ಕೊಟ್ಟ ಮಾತನ್ನು ಅಲ್ಲಿಂದಲೇ ನಡೆಸಲು ಶುರುಮಾಡಬಹುದು.