ಗ್ರಂಥಾಲಯ ಸಾಗಿಸುವಾಗ ಎಚ್ಚರಿಕೆ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಬಂದಿತು. 1965ರ ಕಾಯಿದೆಯಂತೆ ಮನೆಗಂದಾಯದೊಡನೆ ಗ್ರಂಥಾಲಯ ಕರವನ್ನೂ ತೆರುವವರು ನೀವೇ, ಪುಸ್ತಕಗಳೂ ನಿಮ್ಮವೇ.

ನಾನು ಕಂಡ ಒಂದೂರಿನಲ್ಲಿ, ಹೊಸ ಕಟ್ಟಡಕ್ಕೆ ಸಾಗಿಸಿ ಹಸಿಗೋಡೆಗೆ ಒರಗಿಸಿದ ಪುಸ್ತಕಗಳು ಒಂದೇ ಮಳೆಗಾಲದಲ್ಲಿ ಗೆದ್ದಲ ಪಾಲಾದವು. ಆದುದರಿಂದ:

1. ಮನೆಗೆ ತಂದ ಪುಸ್ತಕವನ್ನು ಮೊದಲೇ ಹಿಂದಿರುಗಿಸಿ, ರಿಜಿಸ್ಟರಿನಲ್ಲಿ ಗುರುತು ಹಾಕಿಸಿರಿ.

2. ನಂಬರಿನ ಕ್ರಮದಲ್ಲಿ ಸಣ್ಣ ಕಟ್ಟು ಕಟ್ಟಿ, ಚೀಟಿ ಅಂಟಿಸಿರಿ. ಗೊಬ್ಬರದ ಚೀಲ ಬೇಡ.

3. ಕಟ್ಟುಗಳನ್ನು ಗೋಡೆಯಿಂದ ಗೇಣು ದೂರ, ಹಲಗೆಯ ಮೇಲಿಡಿರಿ. ವಾರಕ್ಕೊಮ್ಮೆ ನೋಡಿರಿ.

ಬಿತ್ತನೆ ಬೀಜವನ್ನು ಕಾಯುವಂತೆ ಪುಸ್ತಕವನ್ನು ಕಾಯಿರಿ. ನಾಳೆ ಅದನ್ನು ಓದುವವರು ನಿಮ್ಮ ಮಕ್ಕಳು.