ಹಸು ಬತ್ತಿದ ಎರಡು ತಿಂಗಳು ಗಾಡಿಯನ್ನು ಹೇಗೆ ನಿಲ್ಲಿಸಬೇಕು?

ಒಂದೋ ಎರಡೋ ಹಸು ಕಟ್ಟಿರುವ ಮನೆಯಲ್ಲಿ ಹಾಲು ಬತ್ತಿಸಿದ ಮೇಲೆ ಡೈರಿಗೆ ಹೋಗುವ ಕೆಲಸ ಇರುವುದಿಲ್ಲ. ಗಬ್ಬದ ಹಸುವಿಗೆ ಕರು ಹಾಕುವ ಮೊದಲು 60 ದಿನ ವಿಶ್ರಾಂತಿ ಕೊಡಿ ಎಂದು ನಾವೇ ಹೇಳುತ್ತೇವೆ. ಆ 60 ದಿನ ಜಡಿಮಳೆಯ ಆಷಾಢ, ಶ್ರಾವಣಕ್ಕೆ ಬಂದರೆ ಕ್ಯಾನು ಹೊರುತ್ತಿದ್ದ ಟಿವಿಎಸ್ಸೋ ಸ್ಕೂಟಿಯೋ ಮೂಲೆ ಸೇರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಬೈಕನ್ನು ಕಟ್ಟಿಡುವ ಪದ್ಧತಿಯೇ ಇದೆ. ನಮ್ಮ ಮಲೆನಾಡಿನ ಕಡೆ ಗಾಡಿಗೆ ಅಂಥ ಕಾಲವೆಂದರೆ ಮಳೆಗಾಲ.

ಹಸುವಿಗೆ ರಾತ್ರಿ ಹನ್ನೆರಡಕ್ಕೆ ನೋವು ಶುರುವಾಗಿ, ಕರುವಿನ ಕಾಲು ಅಡ್ಡ ಸಿಕ್ಕಿ, ಡಾಕ್ಟರನ್ನು ಕರೆತರಲು ಹೊರಟರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಂಥದ್ದು ಎಷ್ಟೋ ಮನೆಗಳಲ್ಲಿ ಆಗಿದೆ. ನಿಲ್ಲಿಸುವ ದಿನ ಒಂದು ಗಂಟೆ ಕೊಟ್ಟಿದ್ದರೆ ತಪ್ಪಿಸಬಹುದಾಗಿತ್ತು.

ಮೊದಲ ಮಾತು, ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಬೇಡಿ. ಗಂಜಲದಿಂದ ಏಳುವ ಘಾಟು, ಅಂದರೆ ಅಮೋನಿಯಾ, ಥಂಡಿ ಗಾಳಿಯ ಜೊತೆ ಸೇರಿ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ವೈರಿನ ತುದಿಗಳು ಹಸಿರುಗಟ್ಟಿರುವುದನ್ನು ನೀವು ನೋಡಿರಬಹುದು. ಉಪ್ಪು, ಗೊಬ್ಬರದ ಚೀಲಗಳ ಪಕ್ಕವೂ ಬೇಡ, ಅವು ತೇವ ಎಳೆದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ಹಿಂಡಿ, ಬೂಸದ ಮೂಟೆ ಇರುವ ಕೋಣೆಯಂತೂ ಬೇಡವೇ ಬೇಡ. ಬೂಸಕ್ಕೆ ಬಂದ ಇಲಿ ವೈರನ್ನೂ ಕಡಿಯುತ್ತದೆ. ನಮ್ಮ ಮನೆಯ ಗಾಡಿಯ ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿಯೊಂದು ಹಳೆ ಬಟ್ಟೆಚೂರು ತುಂಬಿ ಮರಿ ಹಾಕಿತ್ತು. ರಿಪೇರಿಯ ಖರ್ಚಿಗಿಂತ ಮೆಕ್ಯಾನಿಕ್ಕಿನ ನಗುವೇ ಜಾಸ್ತಿ ಉರಿಸಿತು. ಗಾಳಿಯಾಡುವ ಜಗಲಿಯ ಒಣ ಮೂಲೆ ಎಲ್ಲಕ್ಕಿಂತ ಒಳ್ಳೆಯದು.

ನಿಲ್ಲಿಸುವ ಮೊದಲು ಸೋಪಿನ ನೀರಲ್ಲಿ ತೊಳೆಯಿರಿ. ಕ್ಯಾನು ಕಟ್ಟುವ ಜಾಗವನ್ನು ಚೆನ್ನಾಗಿ ಉಜ್ಜಿ. ಚೆಲ್ಲಿದ ಹಾಲು ಹುಳಿಯಾಗಿ ಅಲ್ಲೇ ಕೂತರೆ ಬಣ್ಣದ ಕೆಳಗಿನಿಂದ ತುಕ್ಕು ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಚೈನಿಗೆ, ಕೇಬಲ್ ತುದಿಗಳಿಗೆ ಎಣ್ಣೆ ಬಿಡಿ. ಬ್ರೇಕಿನ ಹತ್ತಿರ ಮಾತ್ರ ಎಣ್ಣೆ ಸುಳಿಯಬಾರದು. ಇಂಜಿನ್ ಆಯಿಲ್ ಬದಲಿಸುವ ಸಮಯ ಹತ್ತಿರವಿದ್ದರೆ ಈಗಲೇ ಬದಲಿಸಿ. ಓಡಿದ ಆಯಿಲಿನಲ್ಲಿ ಆಮ್ಲ, ತೇವ ಸೇರಿರುತ್ತವೆ, ಅದು ಒಳಗೇ ಎರಡು ತಿಂಗಳು ನಿಲ್ಲುವುದು ಒಳ್ಳೆಯದಲ್ಲ.

ಪೆಟ್ರೋಲ್ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಹೇಗೂ ಓಡಿಸುವುದಿಲ್ಲವಲ್ಲ ಎಂದು ಟ್ಯಾಂಕಿನ ತಳದಲ್ಲಿ ಅರ್ಧ ಲೀಟರ್ ಬಿಟ್ಟು ನಿಲ್ಲಿಸುತ್ತೇವೆ. ಖಾಲಿ ಜಾಗದ ತುಂಬ ತೇವದ ಗಾಳಿ, ಟ್ಯಾಂಕಿನ ತಗಡಿಗೆ ಒಳಗಿನಿಂದ ತುಕ್ಕು. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಆದ್ದರಿಂದ ಹೊಸ ಪೆಟ್ರೋಲ್ ಟ್ಯಾಂಕ್ ತುಂಬ ಹಾಕಿಸಿ, ಮುಚ್ಚಳ ಬಿಗಿ ಮಾಡಿ ನಿಲ್ಲಿಸಿ. ಹಳೆ ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ಆರುವವರೆಗೂ ಇಂಜಿನ್ ಓಡಲಿ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚುವುದು ಇದರಿಂದ ತಪ್ಪುತ್ತದೆ. 2020ರ ನಂತರದ ಬಿಎಸ್6 ಗಾಡಿಗಳಲ್ಲಿ ಸಾಮಾನ್ಯವಾಗಿ ಫ್ಯೂಯಲ್ ಇಂಜೆಕ್ಷನ್ ಇರುತ್ತದೆ, ಅವಕ್ಕೆ ಹೀಗೆ ಮಾಡಬೇಕಿಲ್ಲ. ಪೆಟ್ರೋಲನ್ನು ಹಾಲಿನ ಕ್ಯಾನಿಗೆ, ಕುಡಿಯುವ ನೀರಿನ ಬಾಟಲಿಗೆ ಎಂದೂ ಹಾಕಬೇಡಿ. ಒಲೆಯ ಹತ್ತಿರ ಗಾಡಿ ಬೇಡ ಎಂದು ಹೇಳಬೇಕಾಗಿಲ್ಲ.

ಇನ್ನು ಬ್ಯಾಟರಿ. ಸುಮ್ಮನೆ ನಿಂತರೂ ಅದು ಇಳಿಯುತ್ತದೆ. ಪೂರ್ತಿ ಇಳಿದು ಹಾಗೇ ಉಳಿದರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಹರಳು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಮೊದಲು ಮೈನಸ್ ವೈರು, ನಂತರ ಪ್ಲಸ್ ವೈರು ಬಿಚ್ಚಿ. ಬ್ಯಾಟರಿಯನ್ನು ಒಣ ಜಾಗದಲ್ಲಿ ನಿಲ್ಲಿಸಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಹಳೆಯ ಮಾದರಿಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡ.

ಗಾಳಿ ತುಂಬಿಸಿ, ಡಬಲ್ ಸ್ಟ್ಯಾಂಡ್ ಹಾಕಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲ್ಲವಾದರೆ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ಆ ಬಟ್ಟೆ ಕೆಂಪು ಬಣ್ಣದ್ದಾಗಿರಲಿ, ತೆಗೆಯಲು ನೆನಪಾಗುತ್ತದೆ. ಮೇಲೆ ಹೊದಿಸಲು ಹಳೆಯ ಹತ್ತಿ ಸೀರೆ ಸಾಕು. ಟಾರ್ಪಾಲನ್ನು ನೆಲದವರೆಗೆ ಬಿಗಿದು ಕಟ್ಟಿದರೆ ಒಳಗೆ ಬೆವರಿ ಸೀಟಿಗೆ ಬೂಷ್ಟು ಹಿಡಿಯುತ್ತದೆ.

ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಹಲವರಿಗಿದೆ. ಇದರಿಂದ ಲಾಭಕ್ಕಿಂತ ನಷ್ಟ ಹೆಚ್ಚು. ಇಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರು ನಿಲ್ಲುತ್ತದೆ. ಸ್ಟಾರ್ಟಿಗೆ ಖರ್ಚಾದ ಚಾರ್ಜೂ ಬ್ಯಾಟರಿಗೆ ವಾಪಸ್ ಬರುವುದಿಲ್ಲ. ಮನೆಯಲ್ಲಿ ಇರುವುದು ಅದೊಂದೇ ಗಾಡಿಯಾದರೆ ಕಟ್ಟಿಡಲೇಬೇಡಿ, ಮಳೆ ಬಿಟ್ಟ ಹೊತ್ತು ನೋಡಿ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಓಡಿಸಿ. ಎರಡರಲ್ಲಿ ಒಂದು, ನಡುವಿನದು ಬೇಡ.

ಹೊರಗೆ ತೆಗೆಯುವುದು ಯಾವಾಗ? ಕರು ಹಾಕಿದ ಮೇಲಲ್ಲ. ಹಸು ಹೆರುವ ದಿನಕ್ಕೆ ಹತ್ತು ದಿನ ಮೊದಲೇ ತೆಗೆಯಿರಿ, ಹೇಳಿದ ದಿನಕ್ಕಿಂತ ಮುಂಚೆ ಹೆರುವ ಹಸುಗಳು ಬೇಕಾದಷ್ಟಿವೆ. ಬ್ಯಾಟರಿಗೆ ಈ ಸಲ ಪ್ಲಸ್ ಮೊದಲು, ಮೈನಸ್ ಆಮೇಲೆ. ಸೈಲೆನ್ಸರಿನ ಬಟ್ಟೆ ತೆಗೆಯಿರಿ, ವೈರುಗಳನ್ನು ಇಲಿ ಕಡಿದಿದೆಯೇ ನೋಡಿ, ಗಾಳಿ ಹಾಕಿಸಿ. ವಿಮೆಯ ಅವಧಿ ಈ ನಡುವೆ ಮುಗಿದಿದೆಯೇ ಎಂದೂ ನೋಡಿ, ವಿಮೆ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಡ್ರಮ್ಮಿನೊಳಗೆ ತುಕ್ಕು ಹಿಡಿದ ಬ್ರೇಕು ಮೊದಲ ದಿನ ಕಚ್ಚಿ ಹಿಡಿಯಬಹುದು, ಇಲ್ಲವೇ ಹಿಡಿಯದೇ ಹೋಗಬಹುದು. ಮನೆ ಮುಂದಿನ ಸಮತಟ್ಟು ದಾರಿಯಲ್ಲಿ, ಕ್ಯಾನು ಕಟ್ಟದೆ, ನಿಧಾನವಾಗಿ ನಾಲ್ಕು ಸಲ ಹಿಡಿದು ನೋಡಿ. ಸರಿ ಅನ್ನಿಸಿದ ಮೇಲಷ್ಟೇ ಇಳಿಜಾರಿನ ದಾರಿ ಹಿಡಿಯಿರಿ.